ಫೋರ್ ವೀಲ್ ಡ್ರೈವ್ ಗಾಡಿ ಇದೆ, ಹಿಮ ಬಿದ್ದರೆ ಏನಂತೆ?

ಪ್ರಶ್ನೆ: ನಮ್ಮ ಮಗ ಕೆಲಸದ ಮೇಲೆ ಅಮೆರಿಕದ ಅಟ್ಲಾಂಟಾಕ್ಕೆ ಹೋಗಿದ್ದಾನೆ. ಅಲ್ಲಿ ಹಿಮ ಬೀಳುವುದೇ ಅಪರೂಪವಂತೆ, ಬಿದ್ದರೂ ಒಂದೆರಡು ಅಂಗುಲವಂತೆ. ಅಷ್ಟಕ್ಕೇ ಶಾಲೆ, ಆಫೀಸು ಎಲ್ಲ ಬಂದ್ ಮಾಡುತ್ತಾರೆ ಎಂದು ಕೇಳಿ ನಗು ಬಂತು. ಅವನ ಹತ್ತಿರ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಎಸ್‌ಯುವಿ ಇದೆ. ಅಂಥ ಗಾಡಿ ಇಟ್ಟುಕೊಂಡು ಎರಡು ಅಂಗುಲ ಹಿಮಕ್ಕೆ ಹೆದರಬೇಕೇ?
– ಮೈಸೂರಿನ ಓದುಗರೊಬ್ಬರು

ಉತ್ತರ: ಆ ಗಾಡಿಯಲ್ಲಿ ಹೊರಡುವುದು ಸುಲಭ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ.

ಅಟ್ಲಾಂಟಾ ಸುತ್ತಮುತ್ತಲ ಕನ್ನಡಿಗರ ನಡುವೆ ಚಳಿಗಾಲ ಬಂದಾಗಲೆಲ್ಲ ಈ ಮಾತು ಏಳುತ್ತದೆ. ಹೊಸದಾಗಿ ಬಂದ ಹುಡುಗರು ಕಾರು ಕೊಳ್ಳುವಾಗಲೇ "ಆಲ್ ವೀಲ್ ಡ್ರೈವ್ ತಗೊಂಡ್ರೆ ಸ್ನೋಗೂ ಆಗತ್ತೆ" ಅಂತ ಲೆಕ್ಕ ಹಾಕಿರುತ್ತಾರೆ. ಶೋರೂಮಿನವರೂ ಹಾಗೇ ಹೇಳಿರುತ್ತಾರೆ. ಅದು ಸುಳ್ಳೇನಲ್ಲ, ಅರ್ಧ ನಿಜ. ಎಂಜಿನ್ನಿನ ಶಕ್ತಿ ಎರಡು ಚಕ್ರದ ಬದಲು ನಾಲ್ಕಕ್ಕೂ ಹಂಚಿಕೆಯಾದಾಗ ಹಿಮದಲ್ಲಿ ಗಾಡಿ ಮುಂದಕ್ಕೆ ಚಲಿಸುವುದು, ಏರು ಹತ್ತುವುದು ಖಂಡಿತ ಸಲೀಸು. ಬ್ರೇಕಿನ ಲೆಕ್ಕ ಬೇರೆ. ಇಪ್ಪತ್ತು ವರ್ಷ ಹಳೆಯ ಕರೋಲಾಗೂ ನಾಲ್ಕು ಚಕ್ರಕ್ಕೆ ಬ್ರೇಕ್ ಇದೆ, ನಿಮ್ಮ ಮಗನ ಎಸ್‌ಯುವಿಗೂ ನಾಲ್ಕೇ. ರಸ್ತೆಯನ್ನು ಹಿಡಿಯುವುದು ಟಯರಿನ ಅಂಗೈಯಗಲದ ರಬ್ಬರು. ಅದರ ಕೆಳಗೆ ಐಸ್ ಇದ್ದರೆ ಬಾನೆಟ್ಟಿನೊಳಗೆ ಏನಿದ್ದರೂ ಒಂದೇ.

ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಒಣ ಡಾಂಬರಿನ ಮೇಲೆ ಬ್ರೇಕ್ ಒತ್ತಿದ ನಂತರ ಸುಮಾರು 15 ಮೀಟರಿನೊಳಗೆ ನಿಲ್ಲುತ್ತದೆ. ಗಾಡಿಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ 40ರಿಂದ 50 ಮೀಟರ್ ಬೇಕು. ನುಣ್ಣಗಿನ ಐಸ್ ಆದರೆ ನೂರರ ಹತ್ತಿರ. "ನಿಧಾನವಾಗಿ ಹೋಗ್ತೀನಿ ಬಿಡಿ" ಎಂದು 30ಕ್ಕೆ ಇಳಿಸಿದರೂ ಐಸ್ ಮೇಲೆ 35 ಮೀಟರ್ ಜಾರುತ್ತದೆ. ಒಣ ರಸ್ತೆಯಲ್ಲಿ 50ರಲ್ಲಿ ಹೋಗುವವನಿಗೆ ಬೇಕಾದ ಜಾಗದ ಎರಡರಷ್ಟಕ್ಕೂ ಹೆಚ್ಚು. ಬ್ರೇಕ್ ಒತ್ತಬೇಕೆಂದು ತಲೆಗೆ ಹೊಳೆಯುವಷ್ಟರಲ್ಲಿ ಗಾಡಿ ಸಾಗುವ ದೂರ ಇದರಲ್ಲಿ ಸೇರಿಲ್ಲ.

ಇನ್ನೊಂದು ಸಂಗತಿಯನ್ನು ಯಾರೂ ಸಾಮಾನ್ಯವಾಗಿ ಹೇಳುವುದಿಲ್ಲ, ನನ್ನ ಮಟ್ಟಿಗೆ ಅದೇ ಮುಖ್ಯ. ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಕಾರು ಮನೆಮುಂದಿನ ಇಳಿಜಾರಿನಲ್ಲೇ ಗಿರ್ರನೆ ಚಕ್ರ ತಿರುಗಿಸಿ ನಿಂತುಬಿಡುತ್ತದೆ. ರಸ್ತೆ ಹೇಗಿದೆ ಎಂದು ಅಲ್ಲೇ ತಿಳಿಯುತ್ತದೆ, ಚಾಲಕ ವಾಪಸು ಒಳಗೆ ಬಂದು ಕಾಫಿ ಕುಡಿಯುತ್ತಾನೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಆ ಸುಳಿವನ್ನೇ ಕೊಡುವುದಿಲ್ಲ, ಆರಾಮಾಗಿ ಹೊರಡುತ್ತದೆ. ರಸ್ತೆ ಜಾರುತ್ತಿದೆ ಎಂಬ ಸುದ್ದಿ ಮೊದಲು ಸಿಗುವುದು ಸಿಗ್ನಲ್ಲಿನ ಹತ್ತಿರ, ಎದುರಿಗೆ ಶಾಲಾ ಬಸ್ ನಿಂತಿರುವಾಗ. ಮಲೆನಾಡಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನೇರ ನಡೆಯುವಾಗ ಯಾರೂ ಬೀಳುವುದಿಲ್ಲ, ಬೀಳುವುದು ತಟ್ಟನೆ ನಿಂತಾಗ ಅಥವಾ ತಿರುಗಿದಾಗ.

ಈಗ ನಿಮಗೆ ನಗು ತರಿಸಿದ ಎರಡು ಅಂಗುಲದ ವಿಷಯ. 2014ರ ಜನವರಿ 28, ಮಂಗಳವಾರ, ಅಟ್ಲಾಂಟಾದಲ್ಲಿ ಬಿದ್ದದ್ದೂ ಹೆಚ್ಚುಕಮ್ಮಿ ಅಷ್ಟೇ, ಎರಡೂವರೆ ಅಂಗುಲದ ಆಸುಪಾಸು. ಹಿಮ ಜೋರಾಗಿ ಬೀಳುವುದು ನಗರದ ದಕ್ಷಿಣಕ್ಕೆ ಎಂಬ ಅಂದಾಜಿತ್ತು. ಹವಾಮಾನ ಇಲಾಖೆ ಎಚ್ಚರಿಕೆಯನ್ನು ನಗರಕ್ಕೂ ವಿಸ್ತರಿಸಿದ್ದು ಅವತ್ತು ಬೆಳಗಿನ ಜಾವ. ಬೆಳಗ್ಗೆ ಎಂದಿನಂತೆ ಶಾಲೆಗಳು ತೆರೆದವು, ಜನ ಆಫೀಸಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಹಿಮ ಬೀಳತೊಡಗಿದಾಗ ಶಾಲೆ, ಕಂಪನಿ, ಸರ್ಕಾರಿ ಕಚೇರಿ ಎಲ್ಲವೂ ಒಟ್ಟಿಗೇ ಬಾಗಿಲು ಹಾಕಿ "ಮನೆಗೆ ಹೋಗಿ" ಎಂದವು. ಲಕ್ಷಾಂತರ ಗಾಡಿಗಳು ಒಂದೇ ಗಳಿಗೆಯಲ್ಲಿ ರಸ್ತೆಗಿಳಿದವು. ಟಯರುಗಳ ಭಾರಕ್ಕೆ ಒತ್ತಿ, ಬಿಸಿಗೆ ಕರಗಿ, ಚಳಿಗೆ ಮತ್ತೆ ಗಟ್ಟಿಯಾಗಿ ಆ ತೆಳು ಹಿಮ ಐಸ್ ಹಾಳೆಯಾಯಿತು. ದೊಡ್ಡ ಲಾರಿಗಳು ಮಧ್ಯಕ್ಕೆ ಮಡಿಚಿಕೊಂಡು ಅಡ್ಡ ನಿಂತವು. ಐಸ್ ಕರಗಿಸಲು ಉಪ್ಪು ಚೆಲ್ಲಬೇಕಾದ ಗಾಡಿಗಳು ಅದೇ ಜಾಮಿನಲ್ಲಿ ಸಿಕ್ಕಿಕೊಂಡವು.

ಅರ್ಧ ಗಂಟೆಯ ದಾರಿಗೆ ಹತ್ತು ಹನ್ನೆರಡು ಗಂಟೆ ಹಿಡಿದವರಿದ್ದಾರೆ. ಕಾರನ್ನು ಹೆದ್ದಾರಿಯ ಬದಿಯಲ್ಲೇ ಬಿಟ್ಟು ಆಫೀಸಿನ ಬೂಟಿನಲ್ಲಿ ಮೈಲಿಗಟ್ಟಲೆ ನಡೆದವರಿದ್ದಾರೆ. ಸಾವಿರಾರು ಮಕ್ಕಳು ರಾತ್ರಿಯನ್ನು ಶಾಲೆಯಲ್ಲೇ ಕಳೆದರು, ಕೆಲವರು ಬಸ್ಸಿನಲ್ಲೇ ಉಳಿದರು. ಹೋಮ್ ಡಿಪೋ ಅಂಗಡಿಗಳು ರಾತ್ರಿಯಿಡೀ ಬಾಗಿಲು ತೆರೆದಿಟ್ಟು ಸಿಕ್ಕಿಬಿದ್ದವರನ್ನು ಒಳಗೆ ಕರೆದವು. ನಗರವನ್ನು ಸುತ್ತುವರಿಯುವ 285ನೇ ಹೆದ್ದಾರಿಯಲ್ಲಿ, ನಿಂತ ಕಾರಿನಲ್ಲೇ ಒಂದು ಹೆಣ್ಣುಮಗು ಹುಟ್ಟಿತು. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ಅಂದಿನ ಗವರ್ನರ್ ನೇಥನ್ ಡೀಲ್ ಕ್ಷಮೆ ಕೇಳಬೇಕಾಯಿತು.

ಆ ಜಾಮಿನಲ್ಲಿ ಫೋರ್ ವೀಲ್ ಡ್ರೈವ್ ಗಾಡಿಗಳಿರಲಿಲ್ಲವೇ? ಬೇಕಾದಷ್ಟಿದ್ದವು. ಮುಂದಿನವನು ಅಡ್ಡ ನಿಂತರೆ ಹಿಂದಿನವನ ಗಾಡಿ ಯಾವುದಾದರೇನು!

ಎರಡು ವಾರ ಕಳೆದು ಫೆಬ್ರುವರಿ ಮಧ್ಯದಲ್ಲಿ ಅದೇ ಊರಿಗೆ ಮತ್ತೊಂದು ಐಸ್ ಬಿರುಗಾಳಿ ಬಂತು. ಮರಗಳು ಉರುಳಿ ಲಕ್ಷಾಂತರ ಮನೆಗಳ ಕರೆಂಟು ಹೋಯಿತು. ರಸ್ತೆಗಳು ಮಾತ್ರ ಖಾಲಿ. ಊರು ಅದೇ, ಗಾಡಿಗಳು ಅವೇ, ಚಾಲಕರೂ ಅವರೇ. ಈ ಸಲ ಮೊದಲೇ ತುರ್ತುಸ್ಥಿತಿ ಸಾರಿದ್ದರಿಂದ ಜನ ಹೊರಗೆ ಕಾಲಿಡಲಿಲ್ಲ. ಅಂದಿನಿಂದ ಮುನ್ಸೂಚನೆ ಬಂದರೆ ಸಾಕು, ಹಿಂದಿನ ದಿನವೇ ರಜೆ ಕೊಡುವ ಚಾಳಿ ಬಿದ್ದಿದೆ. 2025ರ ಜನವರಿ 10ರಂದು ಹಿಮ ಬಿದ್ದಾಗಲೂ ಹಾಗೇ ಆಯಿತು. ಕೆಲವು ಸಲ ರಜೆ ಕೊಟ್ಟ ಮೇಲೆ ಹನಿ ಹಿಮವೂ ಬೀಳದೆ ಬಿಸಿಲು ಕಾಯುತ್ತದೆ, ಆಗ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಇದನ್ನು ನೋಡಿ ಅಮೆರಿಕದ ಉತ್ತರ ಭಾಗದವರು ಮಾಡುವ ಕುಚೋದ್ಯ ನನಗೆ ಅಷ್ಟು ನ್ಯಾಯ ಅನ್ನಿಸುವುದಿಲ್ಲ. ಅಲ್ಲಿ ಹಿಮ ಗುಡಿಸುವ ಗಾಡಿಗಳು ನೂರಾರು ಇವೆ, ಚಳಿಗಾಲದ ಟಯರು ಹಾಕಿಸುವ ರೂಢಿಯಿದೆ. ಅವುಗಳ ರಬ್ಬರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ಮೆದುವಾಗೇ ಇರುತ್ತದೆ, ಬೇಸಿಗೆಯ ಟಯರು ಆ ಚಳಿಗೆ ಬಿರುಸಾಗುತ್ತದೆ. ಮೈನಸ್ 15 ಡಿಗ್ರಿಯ ಐಸಿಗಿಂತ ಸೊನ್ನೆಯ ಆಸುಪಾಸಿನ ಐಸ್ ಹೆಚ್ಚು ಜಾರುತ್ತದೆ ಎಂಬುದೂ ಇದೆ. ಅಟ್ಲಾಂಟಾದಂಥ ದಕ್ಷಿಣದ ಊರುಗಳಿಗೆ ಸಿಗುವುದು ಈ ಎರಡನೆಯದೇ. ಮೊದಲು ಮಳೆ ಬಂದು ಆಮೇಲೆ ಹಿಮವಾದರೆ ಮುಂಚೆ ಹಾಕಿದ ಉಪ್ಪುನೀರೂ ತೊಳೆದುಹೋಗುತ್ತದೆ. ಅಷ್ಟೆಲ್ಲ ಸಜ್ಜಿರುವ ಉತ್ತರದಲ್ಲೂ 2011ರ ಫೆಬ್ರುವರಿಯಲ್ಲಿ ಶಿಕಾಗೋದ ಲೇಕ್ ಶೋರ್ ಡ್ರೈವ್‌ನಲ್ಲಿ ನೂರಾರು ಕಾರುಗಳು ಹಿಮದಲ್ಲಿ ಹೂತು ನಿಂತದ್ದುಂಟು.

ನಿಮ್ಮ ಮಗ ಹೊರಗಿರುವಾಗಲೇ ಹಿಮ ಶುರುವಾದರೆ ಏನು ಮಾಡಬೇಕು? ಎಲ್ಲರೂ ಆಫೀಸು ಬಿಡುವ ಹೊತ್ತಿಗೆ ಬಿಡಬಾರದು. ಹಿಮದ ಮೊದಲ ಎಸಳು ಬೀಳುವ ಮುಂಚೆಯೇ ಹೊರಡಬೇಕು, ಆ ಹೊತ್ತು ಮೀರಿದ್ದರೆ ಆಫೀಸಿನಲ್ಲೇ ಉಳಿಯಬೇಕು. ಸೋಫಾದ ಮೇಲೆ ಒಂದು ರಾತ್ರಿ ಮಲಗಿದರೆ ನಷ್ಟವಿಲ್ಲ. ದಾರಿಯಲ್ಲಿದ್ದರೆ ಕ್ರೂಸ್ ಕಂಟ್ರೋಲ್ (ಗಾಡಿಯೇ ವೇಗ ಕಾಯ್ದುಕೊಳ್ಳುವ ಸೌಲಭ್ಯ) ಮುಟ್ಟಬಾರದು, ಮುಂದಿನ ಗಾಡಿಗೂ ತನಗೂ ನಡುವೆ ಪಕ್ಕದವನಿಗೆ ನುಗ್ಗಲು ಆಸೆಯಾಗುವಷ್ಟು ಜಾಗ ಬಿಡಬೇಕು. ನುಗ್ಗಿದರೆ ಮತ್ತೆ ಬಿಡಬೇಕು. ತಿರುವಿಗೆ ಮುಂಚೆ, ಗಾಡಿ ನೇರವಿರುವಾಗಲೇ ವೇಗ ಇಳಿಸಬೇಕು. ಜಾರಿತೆನ್ನಿ: ಆಕ್ಸಿಲರೇಟರಿನಿಂದ ಕಾಲು ತೆಗೆದು, ಹೋಗಬೇಕಾದ ಕಡೆ ನೋಡುತ್ತಾ ಸ್ಟೇರಿಂಗನ್ನು ಆ ಕಡೆಗೆ ಮೆಲ್ಲಗೆ ತಿರುಗಿಸಬೇಕು. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರುವ ಗಾಡಿಯಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ಲು ಕಟಕಟ ಎಂದು ಪಾದವನ್ನು ತಳ್ಳುತ್ತದೆ. ಹೊಸಬರು ಏನೋ ಮುರಿಯಿತೆಂದು ಕಾಲು ತೆಗೆದುಬಿಡುತ್ತಾರೆ. ತೆಗೆಯಬಾರದು, ಅದು ಕೆಲಸ ಮಾಡುತ್ತಿರುವ ಸದ್ದು.

ಸೇತುವೆ, ಫ್ಲೈಓವರುಗಳ ಮೇಲೆ ಇನ್ನಷ್ಟು ಎಚ್ಚರ ಬೇಕು. ಮೇಲೂ ಕೆಳಗೂ ಗಾಳಿಯಾಡುವುದರಿಂದ ಅವು ಮಾಮೂಲಿ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಆ ಐಸ್ ಕಣ್ಣಿಗೆ ಬರೀ ಒದ್ದೆ ರಸ್ತೆಯಂತೆ ಕಾಣುತ್ತದೆ, ಇದನ್ನೇ ಬ್ಲ್ಯಾಕ್ ಐಸ್ ಅನ್ನುವುದು. 2021ರ ಫೆಬ್ರುವರಿ 11ರ ಬೆಳಗ್ಗೆ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಇಂಥ ಐಸಿನ ಮೇಲೆ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ ಆರು ಜನ ತೀರಿಕೊಂಡರು. ಅಲ್ಲಿ ಹಿಮ ರಾಶಿ ಬಿದ್ದಿರಲೇ ಇಲ್ಲ. ಥರ್ಮಾಮೀಟರ್ ಸೊನ್ನೆಯ ಹತ್ತಿರವಿದ್ದು, ಮುಂದಿನ ಗಾಡಿಯ ಚಕ್ರದಿಂದ ನೀರು ಚಿಮ್ಮುವುದು ಹಠಾತ್ತನೆ ನಿಂತಿತೆಂದರೆ, ಅದು ನೀರಲ್ಲ, ಐಸು.

ಗಂಟೆಗಟ್ಟಲೆ ನಿಂತುಬಿಡಬೇಕಾಗಿ ಬಂದರೆ ನಿಜವಾದ ಅಪಾಯ ಹೀಟರಿನ ಆಸೆಗೆ ಎಂಜಿನ್ ಓಡಿಸಿಕೊಂಡು ಮಲಗುವುದು. ಸೈಲೆನ್ಸರ್ ಪೈಪು ಹಿಮದಲ್ಲಿ ಮುಚ್ಚಿಹೋದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮಕ್ಕೆ ಸಿಕ್ಕಿದ ಪ್ರವಾಸಿಗರಲ್ಲಿ 20ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹಲವರು ಹೀಗೇ ಕಾರಿನೊಳಗೆ. ಆಗಾಗ ಇಳಿದು ಪೈಪಿನ ಸುತ್ತಲ ಹಿಮ ಕೆದಕಬೇಕು, ಎಂಜಿನ್ ಗಂಟೆಗೆ ಹತ್ತು ನಿಮಿಷ ಮಾತ್ರ ಓಡಿಸಬೇಕು, ಒಂದು ಕಿಟಕಿ ಬೆರಳಗಲ ತೆರೆದಿರಬೇಕು. ಮನಾಲಿಗೆ ಹೋಗಿ ಅಟಲ್ ಸುರಂಗದ ಕಡೆ ಬಾಡಿಗೆ ಕಾರು ಓಡಿಸುವ ಬೆಂಗಳೂರಿಗರಿಗೂ ಇದೇ ಮಾತು. ಹಿಮ ಶುರುವಾದರೆ, ಚಕ್ರಕ್ಕೆ ಚೈನು ಕಟ್ಟಲು ಬಲ್ಲ ಅಲ್ಲಿನ ಡ್ರೈವರಿಗೆ ಸ್ಟೇರಿಂಗನ್ನು ಕೊಟ್ಟುಬಿಡಿ.

ಡಿಕ್ಕಿಯಲ್ಲಿ ಒಂದು ಕಂಬಳಿ, ನೀರು, ಒಂದಿಷ್ಟು ಚಕ್ಕುಲಿ ಕೋಡುಬಳೆ, ನಡೆಯಲಾಗುವ ಬೂಟು ಇಟ್ಟಿರಲು ಮಗನಿಗೆ ಹೇಳಿ. ಅಟ್ಲಾಂಟಾದಲ್ಲಿ ಮಧ್ಯಾಹ್ನ 12 ಆದಾಗ ಮೈಸೂರಿನಲ್ಲಿ ರಾತ್ರಿ 10:30. ಟಿವಿಯಲ್ಲಿ ಹಿಮ ನೋಡಿದ ಕೂಡಲೇ ನಿಮಗೆ ವಿಡಿಯೋ ಕಾಲ್ ಮಾಡಬೇಕೆನ್ನಿಸುವುದು ಸಹಜ. ಮಾಡಬೇಡಿ, ಒಂದು ಮೆಸೇಜ್ ಹಾಕಿ ಬಿಡಿ. ಅವನಿಗೆ ಆ ಹೊತ್ತಿನಲ್ಲಿ ಎರಡೂ ಕೈ ಸ್ಟೇರಿಂಗಿಗೆ ಬೇಕು, ಫೋನಿನ ಚಾರ್ಜು ರಾತ್ರಿಗೆ ಬೇಕು.