ತೆಂಗಿನಕಾಯಿ ಬಿದ್ದರೂ ಚೂರಾಗದ ಹಂಚು

ಮಾಡಿನ ಮೇಲೆ ತೆಂಗಿನಕಾಯಿ ಬಿದ್ದರೆ ಮಂಗಳೂರು ಹಂಚು ಚೂರಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದಾಗಿನಿಂದ ಅದು ಮಳೆ, ಬಿಸಿಲು, ಉಪ್ಪುಗಾಳಿ ಎಲ್ಲವನ್ನೂ ತಾಳಿಕೊಂಡಿದೆ. ಪೆಟ್ಟನ್ನು ಮಾತ್ರ ತಾಳುವುದಿಲ್ಲ. ಲೋಹದಲ್ಲಿ ಬಿರುಕಿನ ತುದಿ ಸ್ವಲ್ಪ ಹಿಗ್ಗಿ ಒತ್ತಡವನ್ನು ನುಂಗುತ್ತದೆ. ಹಂಚಿನಂಥ ಸುಟ್ಟು ಗಟ್ಟಿಯಾದ ವಸ್ತು, ಅಂದರೆ ಸೆರಾಮಿಕ್, ಹಿಗ್ಗದು. ಹುಟ್ಟಿದ ಬಿರುಕು ಆಚೆ ಬದಿಗೆ ಹೋಗಿಯೇ ನಿಲ್ಲುತ್ತದೆ.

ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಬೈಹುಲ್ಲು ಹಾಕಿ ತುಳಿಯುತ್ತಿದ್ದದ್ದು ಬಿರುಕು ತಡೆಯಲಿಕ್ಕೇ. ವಿಮಾನದ ಎಂಜಿನ್ನಿಗೆ ಬೇಕಾದ ಸೆರಾಮಿಕ್‌ನಲ್ಲಿ ಹುಲ್ಲಿನ ಜಾಗದಲ್ಲಿ ಸಿಲಿಕಾನ್ ಕಾರ್ಬೈಡ್ (ಸಿಲಿಕಾನ್ ಮತ್ತು ಇಂಗಾಲ ಕೂಡಿದ ಗಡಸು ವಸ್ತು) ನಾರು ಇರುತ್ತದೆ. ದಪ್ಪ 10ರಿಂದ 15 ಮೈಕ್ರಾನ್, ತಲೆಕೂದಲಿಗಿಂತ ಎಷ್ಟೋ ತೆಳು. ಸುತ್ತಲಿನ ಪದಾರ್ಥವೂ ಸಿಲಿಕಾನ್ ಕಾರ್ಬೈಡೇ.

ನಾರು ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡರೆ ಕೆಲಸ ಕೆಟ್ಟಿತು. ಬಿರುಕು ನಾರನ್ನೂ ಸೀಳಿಕೊಂಡು ಮುಂದೆ ಹೋಗುತ್ತದೆ, ಕೈಯಲ್ಲಿ ಉಳಿಯುವುದು ದುಬಾರಿ ಹಂಚು. ಆದ್ದರಿಂದ ಪ್ರತಿ ನಾರಿಗೂ ಒಂದು ಮೈಕ್ರಾನ್‌ಗಿಂತ ತೆಳುವಾಗಿ ಬೋರಾನ್ ನೈಟ್ರೈಡ್ ಲೇಪಿಸುತ್ತಾರೆ. ಅದು ಪದರಪದರವಾಗಿ ಜಾರುವ ವಸ್ತು. ನಾರಿನ ಬಳಿ ಬಂದ ಬಿರುಕು ಈ ಪದರದಲ್ಲಿ ಪಕ್ಕಕ್ಕೆ ತಿರುಗುತ್ತದೆ. ನಾರು ಸ್ವಲ್ಪಸ್ವಲ್ಪವೇ ಜಾರುತ್ತಾ, ಬಿರುಕಿನ ಎರಡು ದಡಗಳನ್ನು ಹಿಡಿದಿಡುತ್ತದೆ. ಈ ವಿದ್ಯೆಯ ಜೀವ ಇರುವುದು ನಾರಿಗಿಂತ ಹೆಚ್ಚಾಗಿ ಈ ಸಡಿಲ ಹಿಡಿತದಲ್ಲಿ.

ತಯಾರಿಸುವ ಒಂದು ಬಗೆ ಹೀಗೆ. ಲೇಪಿಸಿದ ನಾರಿಗೆ ಸಿಲಿಕಾನ್ ಕಾರ್ಬೈಡ್ ಮತ್ತು ಇಂಗಾಲದ ಪುಡಿ ಬೆರೆಸಿದ ಅಂಟು ಹಚ್ಚಿ ಹಾಳೆ ಮಾಡಿ, ಆ ಹಾಳೆಗಳನ್ನು ಬೇರೆಬೇರೆ ದಿಕ್ಕಿಗೆ ಜೋಡಿಸಿ ಒತ್ತಿ ಬೇಯಿಸುತ್ತಾರೆ. ಅಂಟು ಸುಟ್ಟುಹೋದ ಮೇಲೆ ಸಣ್ಣ ರಂಧ್ರಗಳು ಉಳಿಯುತ್ತವೆ. 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಸಿಲಿಕಾನನ್ನು ಆ ರಂಧ್ರಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ಹೀರುತ್ತವೆ. ಅದು ಇಂಗಾಲದೊಡನೆ ಕೂಡಿ ಹೊಸ ಕಾರ್ಬೈಡ್ ಆಗುತ್ತದೆ. ಕೂಡದೆ ಉಳಿದ ಸಿಲಿಕಾನ್ ಮತ್ತೆ ಕರಗಬಾರದಲ್ಲ, ಹಾಗಾಗಿ ಇಂಥ ಭಾಗಗಳ ಬಳಕೆ ಸುಮಾರು 1300 ಡಿಗ್ರಿಗೆ ನಿಲ್ಲುತ್ತದೆ. ನಾರಿನ ಲೇಪ ಎಲ್ಲಾದರೂ ಹರಿದಿದ್ದರೆ ಕರಗಿದ ಸಿಲಿಕಾನ್ ನಾರನ್ನೇ ತಿನ್ನುತ್ತದೆ.

ಎಂಜಿನ್ನಿನ ಬಿಸಿ ಭಾಗಗಳಿಗೆ ಸಾಮಾನ್ಯವಾಗಿ ಬಳಸುವ ನಿಕ್ಕಲ್ ಮಿಶ್ರಲೋಹದ ಮೂರನೇ ಒಂದು ಪಾಲು ತೂಕ, ಅದಕ್ಕಿಂತ ಹೆಚ್ಚು ಶಾಖ ತಾಳುವ ಗುಣ. 2016ರಲ್ಲಿ ಪ್ರಯಾಣಿಕ ಸೇವೆಗೆ ಬಂದ ಲೀಪ್ ಎಂಬ ವಿಮಾನದ ಎಂಜಿನ್ನಿನಲ್ಲಿ ಟರ್ಬೈನ್ ಅಲಗುಗಳ ಸುತ್ತಲಿನ ಕವಚ ಇದರದ್ದೇ. ವೇಗದ ಕಾರುಗಳ ಇಂಥದೇ ಸೆರಾಮಿಕ್ ಬ್ರೇಕ್ ಡಿಸ್ಕಿನಲ್ಲಿ ಈ ನಾರಿನ ಬದಲು ಇಂಗಾಲದ ನಾರು ಬಳಸುತ್ತಾರೆ, ಅದು ಅಗ್ಗ.

ಶತ್ರು ನೀರಾವಿ. ನಮ್ಮ ಕರಾವಳಿಯ ತೇವವಲ್ಲ, ಇಂಧನ ಉರಿದಾಗ ಹುಟ್ಟುವ ಆವಿ. ಕಾರ್ಬೈಡನ್ನು ಕಾಯುವ ಸಿಲಿಕಾ ಪೊರೆಯನ್ನು ಅದು ಅನಿಲವಾಗಿಸಿ ಒಯ್ಯುತ್ತದೆ, ಮೈ ಸವೆಯುತ್ತಾ ಹೋಗುತ್ತದೆ. ಹಾಗಾಗಿ ಮೇಲೆ ಇಟ್ಟರ್ಬಿಯಂ ಸಿಲಿಕೇಟಿನಂಥ ಹೊದಿಕೆ ಕೊಡುತ್ತಾರೆ. ಬಿಸಿಗೆ ಅದೂ ಒಳಗಿನ ಕಾರ್ಬೈಡಿನಷ್ಟೇ ಹಿಗ್ಗಬೇಕು, ಇಲ್ಲವಾದರೆ ಚಕ್ಕೆ ಏಳುತ್ತದೆ.

ಇನ್ನೊಂದು ಅಪಾಯ 700-800 ಡಿಗ್ರಿಯ ನಡುವಣ ಶಾಖದಲ್ಲಿದೆ. ಬಿರುಕಿನೊಳಗೆ ನುಗ್ಗಿದ ಆಮ್ಲಜನಕ ಬೋರಾನ್ ನೈಟ್ರೈಡನ್ನು ತಿಂದು, ನಾರುಗಳನ್ನು ಗಾಜಿನಿಂದ ಒಂದಕ್ಕೊಂದು ಬೆಸೆಯುತ್ತದೆ. ಸಡಿಲ ಹಿಡಿತ ಹೋಯಿತು, ಹಂಚಿನ ಬುದ್ಧಿ ಮರಳಿತು. ಆದ್ದರಿಂದ ಹಂಚನ್ನು ತಟ್ಟಿ ಟಣ್ ಎನ್ನುವುದೇ ಎಂದು ಕೇಳುವಂತೆ, ಮಾದರಿ ತುಂಡಿಗೆ ಸಂವೇದಕ ಅಂಟಿಸಿ ಎಳೆಯುತ್ತಾ, ಮೊದಲ ಬಿರುಕಿನ ಸಣ್ಣ ಸದ್ದು ಯಾವ ಭಾರಕ್ಕೆ ಬಂತೆಂದು ಗುರುತಿಸುತ್ತಾರೆ. ಎಂಜಿನ್ನಿನ ಭಾಗದ ಮೇಲೆ ಅದಕ್ಕಿಂತ ಕಡಿಮೆ ಭಾರವೇ ಬೀಳುವಂತೆ ಲೆಕ್ಕ ಹಾಕುತ್ತಾರೆ.