ಮೂರು ರನ್ ಬಾಕಿ ಉಳಿದ ಇನಿಂಗ್ಸ್

ಜಿ.ಆರ್. ವಿಶ್ವನಾಥ್ ಟೆಸ್ಟ್‌ನಲ್ಲಿ 14 ಶತಕ ಹೊಡೆದರು. ಅದರಲ್ಲೊಂದು 222. ಆದರೂ ಅವರ ಹೆಸರು ಎತ್ತಿದ ಕೂಡಲೇ ಹಳೆಯ ಕ್ರಿಕೆಟ್ ಪ್ರೇಮಿಗಳ ಬಾಯಿಗೆ ಬರುವುದು ಶತಕವೇ ಆಗದ ಒಂದು ಆಟ. 1975ರ ಜನವರಿ, ಮದರಾಸಿನ ಚೆಪಾಕ್ ಮೈದಾನ, ವೆಸ್ಟ್ ಇಂಡೀಸ್ ವಿರುದ್ಧ ಔಟಾಗದೆ 97. ಐವತ್ತು ವರ್ಷ ಕಳೆದರೂ ಆ 97ಕ್ಕೆ ಮುಪ್ಪು ಬಂದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಹುಡುಗ. ತುಂಬಾ ಕುಳ್ಳ. 1967ರಲ್ಲಿ ಮೈಸೂರು ತಂಡದ ಪರ ರಣಜಿಗೆ ಇಳಿದ ಮೊದಲ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ಹೊಡೆದ. ಎರಡು ವರ್ಷದ ನಂತರ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆಗ ಒಂದು ಮಾತಿತ್ತು: ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದ ಭಾರತೀಯನಿಗೆ ಇನ್ನೊಂದು ಶತಕ ಬರುವುದಿಲ್ಲ ಅಂತ. ಲಾಲಾ ಅಮರನಾಥ್‌ರಿಂದ ಹಿಡಿದು ಹನುಮಂತ್ ಸಿಂಗ್ ತನಕ ಯಾರಿಗೂ ಬಂದಿರಲಿಲ್ಲ. ವಿಶಿ, ಅಂದರೆ ನಮ್ಮ ವಿಶ್ವನಾಥ್, ಅದನ್ನು 1973ರಲ್ಲಿ ಮುಂಬೈಯಲ್ಲಿ ಶತಕ ಹೊಡೆದು ಮುರಿದರು. ಅವತ್ತು ಎದುರಾಳಿ ಇಂಗ್ಲೆಂಡಿನ ಟೋನಿ ಗ್ರೇಗ್, ಆರೂವರೆ ಅಡಿ ಎತ್ತರದ ಆಳು, ಓಡಿಬಂದು ವಿಶಿಯನ್ನು ಮಗುವಿನ ಹಾಗೆ ತೋಳಲ್ಲಿ ಎತ್ತಿಕೊಂಡು ತೂಗಿದರು. ಎದುರು ತಂಡದವರಿಗೂ ಈ ಮನುಷ್ಯನ ಮೇಲೆ ಎಷ್ಟು ಪ್ರೀತಿ ಇತ್ತು ಅನ್ನುವುದಕ್ಕೆ ಅದೊಂದೇ ಸಾಕು.

1974-75ರಲ್ಲಿ ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್ ತಂಡ ಬಂತು. ಮೊದಲ ಟೆಸ್ಟ್ ನಮ್ಮ ಬೆಂಗಳೂರಿನಲ್ಲಿ. ಇಂದಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಅದೇ ಮೊದಲ ಟೆಸ್ಟ್. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಭಾರತ 267 ರನ್‌ಗಳಿಂದ ಸೋತಿತು. ದೆಹಲಿಯಲ್ಲಿ ಇನಿಂಗ್ಸ್ ಸೋಲು. ಸರಣಿ ಕೈಬಿಟ್ಟಿತು ಅಂತ ಎಲ್ಲರೂ ಅಂದುಕೊಂಡಾಗ ಕೋಲ್ಕತ್ತದಲ್ಲಿ ವಿಶಿ 139 ಹೊಡೆದರು, ಭಾರತ 85 ರನ್‌ಗಳಿಂದ ಗೆದ್ದಿತು. ಗಾವಸ್ಕರ್ ಬೆರಳಿಗೆ ಪೆಟ್ಟಾಗಿ ಹೊರಗಿದ್ದರು. ಹಾಗಾಗಿ ಚೆಪಾಕ್‌ಗೆ ಬರುವಷ್ಟರಲ್ಲಿ ಬ್ಯಾಟಿಂಗ್ ಭಾರವೆಲ್ಲ ಈ ಪುಟ್ಟ ಹೆಗಲ ಮೇಲೆ.

ಎದುರಿಗಿದ್ದದ್ದು ಆ್ಯಂಡಿ ರಾಬರ್ಟ್ಸ್. ಮುಖದಲ್ಲಿ ಯಾವ ಭಾವನೆಯನ್ನೂ ತೋರಿಸದ ಬೌಲರ್. ಅವರ ಬೌನ್ಸರ್ (ನೆಲಕ್ಕೆ ಬಿದ್ದು ತಲೆಯೆತ್ತರಕ್ಕೆ ಪುಟಿಯುವ ಚೆಂಡು) ಎರಡು ಥರ. ಮೊದಲನೆಯದು ಸ್ವಲ್ಪ ನಿಧಾನ, ಹೊಡೆಯಬಹುದು ಅನ್ನಿಸುವಂಥದ್ದು. ಅದನ್ನು ನಂಬಿ ಎರಡನೆಯದಕ್ಕೆ ಬ್ಯಾಟ್ ಎತ್ತಿದರೆ ಚೆಂಡು ಆಗಲೇ ಮುಖದ ಹತ್ತಿರ ಇರುತ್ತಿತ್ತು. ಹೆಲ್ಮೆಟ್ ಇಲ್ಲದ ಕಾಲ ಅದು, ನೆನಪಿರಲಿ. ಪಿಚ್ ಕೂಡ ಇಂದಿನ ಚೆಪಾಕ್‌ನಂತೆ ಚೆಂಡು ತಿರುಗುತ್ತಾ ಕೂರುವಂಥದ್ದಲ್ಲ, ಪುಟಿಯುವ ಗಟ್ಟಿ ನೆಲ.

76 ರನ್ನಿಗೆ 6 ವಿಕೆಟ್ ಬಿತ್ತು. 117ಕ್ಕೆ 8. ಉಳಿದವರು ಬೇಡಿ ಮತ್ತು ಚಂದ್ರಶೇಖರ್. ಇಬ್ಬರೂ ಬೌಲಿಂಗ್‌ನಲ್ಲಿ ಜಗತ್ತನ್ನೇ ಗೆದ್ದವರು. ಬ್ಯಾಟ್ ಹಿಡಿದರೆ ಕಥೆ ಬೇರೆ. ಅದರಲ್ಲೂ ಚಂದ್ರ! ಅವರ ಟೆಸ್ಟ್ ವಿಕೆಟ್ 242, ರನ್ 167. ತೆಗೆದ ವಿಕೆಟ್‌ಗಿಂತ ಹೊಡೆದ ರನ್ ಕಡಿಮೆ.

ಇಲ್ಲಿಂದ ಮುಂದೆ ವಿಶಿ ಆಡಿದ್ದೇ ಆ ಇನಿಂಗ್ಸ್‌ನ ತಿರುಳು. ಕೊನೆಯ ಬ್ಯಾಟ್ಸ್‌ಮನ್‌ಗಳ ಜೊತೆ ಆಡುವವರು ಸಾಮಾನ್ಯವಾಗಿ ಕಣ್ಣುಮುಚ್ಚಿ ಬೀಸುತ್ತಾರೆ. ವಿಶಿ ಬೀಸಲಿಲ್ಲ, ಕತ್ತರಿಸಿದರು. ಆಫ್ ಸ್ಟಂಪ್ ಆಚೆ ಕೊಂಚ ಶಾರ್ಟ್ ಬಿದ್ದ ಚೆಂಡು ಇನ್ನೇನು ಕೀಪರ್ ಕೈ ಸೇರಿತು ಅನ್ನುವಾಗ ಬ್ಯಾಟ್ ಇಳಿಯುತ್ತಿತ್ತು. ಮಣಿಕಟ್ಟು ಒಂದು ಸಲ ಹೊರಳಿದರೆ ಸಾಕು, ಚೆಂಡು ಪಾಯಿಂಟ್ ಪಕ್ಕದಿಂದ ಬೌಂಡರಿಗೆ. ಸ್ಕ್ವೇರ್ ಕಟ್‌ಗೆ ತೋಳಿನ ಬಲಕ್ಕಿಂತ ಕಾಯುವ ಧೈರ್ಯ ಜಾಸ್ತಿ ಬೇಕು. ರಾಬರ್ಟ್ಸ್ ವೇಗಕ್ಕೆ ಕಾಯುವುದು ಅಂದರೆ ಹುಡುಗಾಟವಲ್ಲ, ಅಲ್ವಾ? ಆ ವೇಗವನ್ನೇ ಸಾಲ ಪಡೆದು ಬೌಂಡರಿ ಮಾಡಿದರು ವಿಶಿ. ಎತ್ತರ ಕಡಿಮೆ ಇದ್ದದ್ದೂ ಒಂದು ರೀತಿ ಅನುಕೂಲವೇ ಆಯಿತು ಅಂತ ನನಗನ್ನಿಸುತ್ತದೆ. ಬೇರೆಯವರ ತಲೆಗೆ ಬರುವ ಬೌನ್ಸರ್ ಅವರ ತಲೆ ದಾಟಿ ಹೋಗುತ್ತಿತ್ತು.

ಬೇಡಿ ಜೊತೆ 52 ರನ್ ಬಂತು. ಚಂದ್ರ ಜೊತೆ ಮತ್ತೆ 21. ಅಷ್ಟರಲ್ಲಿ ಚಂದ್ರ ಔಟಾದರು. ಭಾರತ 190, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬರದ್ದೇ. ರಾಬರ್ಟ್ಸ್‌ಗೆ 64ಕ್ಕೆ 7 ವಿಕೆಟ್. ‘ಚಂದ್ರ ಇನ್ನೊಂದು ಓವರ್ ನಿಂತಿದ್ದರೆ’ ಅಂತ ಇಂದಿಗೂ ಹಲುಬುವವರಿದ್ದಾರೆ. ನಾನಂತೂ ಚಂದ್ರರನ್ನು ದೂರುವುದಿಲ್ಲ. ಅವರು ನಿಂತದ್ದರಿಂದಲೇ ಆ 21 ಬಂತು.

ಆಮೇಲೆ ನಡೆದದ್ದು ನೋಡಿ. ವೆಸ್ಟ್ ಇಂಡೀಸ್ 192ಕ್ಕೆ ಆಲೌಟ್. ಮುನ್ನಡೆ ಬರೀ 2 ರನ್. ಎರಡನೇ ಇನಿಂಗ್ಸ್‌ನಲ್ಲಿ ಅಂಶುಮಾನ್ ಗಾಯಕ್‌ವಾಡ್ 80, ವಿಶಿ ಮತ್ತೆ 46, ಭಾರತ 256. ನಮ್ಮ ಸ್ಪಿನ್ನರ್ ಪ್ರಸನ್ನ ಪಂದ್ಯದಲ್ಲಿ 9 ವಿಕೆಟ್ ತೆಗೆದರು. ಎದುರಾಳಿ 154ಕ್ಕೆ ಕುಸಿದು ಭಾರತ ಸರಿಯಾಗಿ 100 ರನ್‌ಗಳಿಂದ ಗೆದ್ದಿತು. ಮೊದಲ ದಿನದ ಆ 97 ಇಲ್ಲದಿದ್ದರೆ ಈ ಲೆಕ್ಕ ಯಾವುದೂ ಇಲ್ಲ. ಸರಣಿ 2-2 ಆಯಿತು. ಮುಂಬೈಯ ಕೊನೆಯ ಟೆಸ್ಟ್ ಸೋತು ಸರಣಿ ಕೈತಪ್ಪಿತು. ಅಲ್ಲೂ ವಿಶಿ 95ಕ್ಕೆ ಔಟಾದರು. ಸರಣಿಯಲ್ಲಿ ಅವರ ಒಟ್ಟು ರನ್ 568.

ಮದರಾಸಿಗೆ ದೂರದರ್ಶನ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಹಾಗಾಗಿ ಮೈದಾನದಲ್ಲಿ ಇಲ್ಲದವರಿಗೆ ಆ ಇನಿಂಗ್ಸ್ ಕಿವಿಯಿಂದ ಬಂತು. ರೇಡಿಯೊ ಕಾಮೆಂಟ್ರಿ, ಮಾರನೇ ದಿನದ ಪತ್ರಿಕೆ, ಅಷ್ಟೇ. ನಮ್ಮ ಮನೆಗಳಲ್ಲಿ ಅದು ಅಪ್ಪ ಮಗನಿಗೆ ಹೇಳಿದ ಕಥೆಯಾಗಿ ಉಳಿಯಿತು. ಮರುನೋಡಲು ಆಗದ ಆಟವನ್ನು ಜನ ಮರುಮರು ಹೇಳಿದರು. 2001ರಲ್ಲಿ ಕ್ರಿಕೆಟ್ ಪ್ರಕಟಣೆಗೆ ಹೆಸರಾದ ವಿಸ್ಡನ್ ಸಾರ್ವಕಾಲಿಕ ನೂರು ಶ್ರೇಷ್ಠ ಟೆಸ್ಟ್ ಇನಿಂಗ್ಸ್‌ಗಳ ಪಟ್ಟಿ ಮಾಡಿದಾಗ ಈ 97ಕ್ಕೆ 38ನೇ ಜಾಗ ಸಿಕ್ಕಿತು. ಎಷ್ಟೋ ದ್ವಿಶತಕಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಅದೇ ಪಟ್ಟಿಯಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಅವರ ಕೋಲ್ಕತ್ತದ 281 ಕೂಡ ಇದೆ. ಲಕ್ಷ್ಮಣ್ ತಮ್ಮ ಆತ್ಮಕಥೆಯ ಹೆಸರಲ್ಲೇ ಆ ಸಂಖ್ಯೆ ಇಟ್ಟರು. ಅದು ಬಂದದ್ದು 2018ರಲ್ಲಿ, ಜೊತೆಗೂಡಿ ಬರೆದವರು ಪತ್ರಕರ್ತ ಆರ್. ಕೌಶಿಕ್. ಅದೇ ಕೌಶಿಕ್ ಜೊತೆ ಸೇರಿ ವಿಶಿ ಆತ್ಮಕಥೆ ಬರೆದದ್ದು 2022ರಲ್ಲಿ, ಕೊನೆಯ ಟೆಸ್ಟ್ ಆಡಿ ಸುಮಾರು ನಲವತ್ತು ವರ್ಷದ ಮೇಲೆ. ಹೆಸರು ‘ರಿಸ್ಟ್ ಅಶ್ಶೂರ್ಡ್’. ಚಿಂತೆ ಬೇಡ ಅನ್ನುವ ಇಂಗ್ಲಿಷ್ ಮಾತಿನೊಳಗೆ ಮಣಿಕಟ್ಟನ್ನು ಸೇರಿಸಿದ್ದಾರೆ. ಶೀರ್ಷಿಕೆಯಲ್ಲಿ 97 ಇಲ್ಲ. ಯಾವ ಸಂಖ್ಯೆಯೂ ಇಲ್ಲ.

ಇಷ್ಟು ತಡ ಯಾಕಾಯಿತು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಇವರು ತಮ್ಮ ಬಗ್ಗೆ ಮಾತಾಡುವ ಜಾಯಮಾನದವರಲ್ಲ. ಮಾತಾಡಿದ್ದು ಬೇರೆಯವರೇ. ಗಾವಸ್ಕರ್ ಮಗನಿಗೆ ಇಟ್ಟ ಹೆಸರು ರೋಹನ್ ಜೈವಿಶ್ವ. ಮೂವರು ಆಟಗಾರರ ನೆನಪು ಅದು: ರೋಹನ್ ಕನ್ಹಾಯಿ, ಜೈಸಿಂಹ, ಕೊನೆಯಲ್ಲಿ ನಮ್ಮ ವಿಶ್ವನಾಥ್. ವಿಶಿ ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ. ಈ ಲೆಕ್ಕವನ್ನೂ ಹುಡುಕಿ ಹೇಳಿದವರು ಅಭಿಮಾನಿಗಳೇ.

1980ರ ಫೆಬ್ರುವರಿ, ಮುಂಬೈ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ವಿಶಿ ನಾಯಕ. ಕಪಿಲ್ ಬೌಲಿಂಗ್‌ನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟ್‌ಗೆ ತಾಗಿಲ್ಲ ಅಂತ ವಿಶಿಗೆ ಅನ್ನಿಸಿತು. ಅಂಪೈರ್ ಬಳಿ ಮಾತಾಡಿ ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ 43 ಹೊಡೆದರು, ಬೋಥಮ್ ಜೊತೆ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ತೀರ್ಮಾನಕ್ಕೆ ಬೇಸರವಿಲ್ಲ ಅಂತ ವಿಶಿ ಆಮೇಲೂ ಹೇಳುತ್ತಲೇ ಬಂದರು.