ಹಿಡಿದ ಮಣ್ಣು ಬಿಡಲೂ ಬೇಕು

ಮಣ್ಣಿನಿಂದ ಡಿಎನ್‌ಎ ತೆಗೆಯುವ ಕೆಲಸ ಮಾಡಿದವರಿಗೆ ಜೇಡಿಯ ಹಟ ಗೊತ್ತು. ಮರಳು ಮಣ್ಣಾದರೆ ಡಿಎನ್‌ಎ ಸಲೀಸಾಗಿ ಬರುತ್ತದೆ. ಜೇಡಿ ಜಾಸ್ತಿ ಇದ್ದರೆ, ಸೂಕ್ಷ್ಮಜೀವಿಗಳ ಗೋಡೆ ಒಡೆದು ಹೊರಬಂದ ಡಿಎನ್‌ಎಯನ್ನು ಅದು ಅಲ್ಲೇ ಹಿಡಿದುಬಿಡುತ್ತದೆ. ಅದಕ್ಕೇ ನಾವು ಫಾಸ್ಫೇಟ್ ದ್ರಾವಣ ಬಳಸುತ್ತೇವೆ. ಕೆಲವರು ಕೆನೆ ತೆಗೆದ ಹಾಲಿನ ಪುಡಿಯನ್ನೂ ಹಾಕುತ್ತಾರೆ. ಜೇಡಿಯ ಮೇಲಿನ ಜಾಗವನ್ನು ಅವು ತುಂಬಿಕೊಂಡರೆ ಡಿಎನ್‌ಎಗೆ ಅಂಟಲು ಜಾಗ ಉಳಿಯುವುದಿಲ್ಲ.

ಈ ಹಿಡಿತವನ್ನು ನಾನು ಬಹಳ ಕಾಲ ತೊಂದರೆ ಎಂದೇ ನೋಡಿದ್ದೆ. ಆದರೆ ಡಿಎನ್‌ಎಗೆ ಕಾವಲಾಗುವುದೂ ಇದೇ ಹಿಡಿತ. ಉತ್ತರ ಗ್ರೀನ್‌ಲ್ಯಾಂಡಿನ ಕೆಸರುಪದರದಲ್ಲಿ ಸುಮಾರು 20 ಲಕ್ಷ ವರ್ಷ ಹಳೆಯ ಡಿಎನ್‌ಎ ಸಿಕ್ಕ ಸುದ್ದಿ 2022ರಲ್ಲಿ ಪ್ರಕಟವಾಯಿತು. ಅದು ಅಷ್ಟು ಕಾಲ ಉಳಿದದ್ದಕ್ಕೆ ಚಳಿಯ ಜೊತೆ ಖನಿಜಗಳ ಹಿಡಿತವೂ ಕಾರಣ. ಖನಿಜಕ್ಕೆ ಅಂಟಿಕೊಂಡ ಎಳೆ ಡಿಎನ್‌ಎ ಕತ್ತರಿಸುವ ಕಿಣ್ವಕ್ಕೆ ಸುಲಭವಾಗಿ ಸಿಗುವುದಿಲ್ಲ. ಎಷ್ಟೋ ಸಲ ಕಿಣ್ವವೂ ಜೇಡಿಗೇ ಅಂಟಿ ಸುಮ್ಮನಾಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ಮಾಂಟ್‌ಮೊರಿಲೊನೈಟ್‌ನಂಥ ಜೇಡಿಯ ಹಾಳೆಗಳು ಸುಮಾರು 1 ನ್ಯಾನೊಮೀಟರ್ ದಪ್ಪ. ಅವುಗಳ ಮೇಲೆ ಋಣ ಆವೇಶವಿದೆ. ಡಿಎನ್‌ಎಯ ಫಾಸ್ಫೇಟ್ ಬೆನ್ನೆಲುಬಿನ ಮೇಲೂ ಋಣ ಆವೇಶವೇ. ಎರಡೂ ಒಂದನ್ನೊಂದು ದೂರ ತಳ್ಳಬೇಕು, ಅಲ್ವಾ? ಆದರೆ ನಡುವೆ ಧನ ಆವೇಶದ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಅಯಾನು ಬಂದರೆ ಅದು ಸೇತುವೆಯಾಗುತ್ತದೆ. ಪಿಎಚ್ ಇಳಿದರೂ, ಅಂದರೆ ದ್ರಾವಣ ಆಮ್ಲೀಯವಾದರೂ, ಡಿಎನ್‌ಎ ಅಂಟುತ್ತದೆ.

ಡಿಎನ್‌ಎಯನ್ನು ಹಿಡಿದು ಕಾಪಾಡಲೆಂದೇ ಮಾರ್ಪಡಿಸಿದ ಜೇಡಿಯಲ್ಲಿ ನಾವು ಈ ಸೇತುವೆಯನ್ನು ಬೇಕಾದಂತೆ ಕಟ್ಟುತ್ತೇವೆ. ಧನ ಆವೇಶ ಪಡೆಯುವ ಅಮೈನ್ ಗುಂಪು ಕೂರಿಸಬಹುದು, ಸಿಗಡಿ ಚಿಪ್ಪಿನಿಂದ ಬರುವ ಕೈಟೊಸಾನ್ ಲೇಪಿಸಬಹುದು, ಧನ ಆವೇಶದ ಸರ್ಫ್ಯಾಕ್ಟಂಟ್ (ಸಾಬೂನಿನಂಥ ವಸ್ತು) ಸೇರಿಸಬಹುದು. ಸರ್ಫ್ಯಾಕ್ಟಂಟ್ ಬಗ್ಗೆ ನನಗೆ ಹಿಂಜರಿಕೆ ಇದೆ. ಹಿಡಿತ ಗಟ್ಟಿಯೇ, ಆದರೆ ಅದರಿಂದ ಜೀವಕೋಶಕ್ಕೂ ಹಾನಿ, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ಗೂ ಅಡ್ಡಿ.

ನನಗೆ ಹೆಚ್ಚು ಇಷ್ಟವಾದದ್ದು ಲೇಯರ್ಡ್ ಡಬಲ್ ಹೈಡ್ರಾಕ್ಸೈಡ್ ಎಂಬ, ಜೇಡಿಯಂತೆ ಪದರಪದರವಾಗಿರುವ ವಸ್ತು. ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂನಿಂದ ಇದನ್ನು ಪ್ರಯೋಗಾಲಯದಲ್ಲೇ ತಯಾರಿಸಬಹುದು. ಇದರ ಹಾಳೆಗಳಿಗೆ ಹುಟ್ಟಿನಿಂದಲೇ ಧನ ಆವೇಶ. ಹಾಳೆಗಳ ನಡುವೆ ಡಿಎನ್‌ಎ ಕೂರಿಸಬಹುದೆಂದು ಜಿನ್-ಹೋ ಚೊಯ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಡಿಎನ್‌ಎ ಸುರುಳಿಯ ಅಗಲ 2 ನ್ಯಾನೊಮೀಟರ್. ಅದು ಒಳಹೊಕ್ಕರೆ ಹಾಳೆಗಳು ಅಷ್ಟು ದೂರ ಸರಿಯಬೇಕು, ಮತ್ತು ಹಾಳೆಗಳ ಅಂತರ ಅಳೆಯುವ ಎಕ್ಸ್-ರೇ ವಿವರ್ತನೆಯಲ್ಲಿ ಅದು ಕಾಣುತ್ತದೆ. ಉದ್ದದ ಎಳೆಗಳು ಹೆಚ್ಚಾಗಿ ಹೊರಮೈ, ಅಂಚುಗಳಲ್ಲೇ ಉಳಿಯುತ್ತವೆ. ಅವಕ್ಕೆ ಕಾವಲು ಕಡಿಮೆ.

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಇದೇ ವಸ್ತುವಿನ ಮೇಲೆ, ಗಿಡದ ವೈರಸ್ ತಡೆಯುವ ಜೋಡಿ ಎಳೆಯ ಆರ್‌ಎನ್‌ಎ ಕೂರಿಸಿ ಎಲೆಗಳಿಗೆ ಸಿಂಪಡಿಸಿತು. ಒಂದೇ ಸಿಂಪಡಣೆಯಿಂದ ವೈರಸ್‌ನಿಂದ ಕನಿಷ್ಠ 20 ದಿನ ರಕ್ಷಣೆ ಸಿಕ್ಕಿತು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಮತ್ತು ತೇವ ಹಾಳೆಗಳನ್ನು ಮೆಲ್ಲಗೆ ಕರಗಿಸುತ್ತವೆ, ಆರ್‌ಎನ್‌ಎ ಹೊರಬರುತ್ತದೆ. ಹಿಡಿಯುವುದರ ಜೊತೆ ಬಿಡುವುದನ್ನೂ ಅವರು ಮೊದಲೇ ಯೋಚಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಹೊಸದಾಗಿ ಈ ಕೆಲಸಕ್ಕೆ ಬಂದವರು ಸಾಮಾನ್ಯವಾಗಿ ಜೇಡಿ ತಳಕ್ಕೆ ಕೂತ ಮೇಲೆ ಉಳಿಯುವ ಮೇಲಿನ ತಿಳಿ ದ್ರಾವಣವನ್ನಷ್ಟೇ ಅಳೆಯುತ್ತಾರೆ. ಅದರಲ್ಲಿ ಡಿಎನ್‌ಎ ಉಳಿದಿಲ್ಲ ಎಂದರೆ ಗೆದ್ದೆವು ಎಂದುಕೊಳ್ಳುತ್ತಾರೆ. ಅಷ್ಟು ಸಾಲದು. ಅಂಟಿದ ಡಿಎನ್‌ಎಗೆ ಕಿಣ್ವ ಹಾಕಿ, ಆಮೇಲೆ ಆ ಕಿಣ್ವವನ್ನು ಪೂರ್ತಿ ನಿಷ್ಕ್ರಿಯಗೊಳಿಸಿ, ಡಿಎನ್‌ಎ ಬಿಡಿಸಿ, ತುಂಡುಗಳ ಉದ್ದ ತಿಳಿಯಲು ಜೆಲ್‌ನಲ್ಲಿ ಓಡಿಸಿ, ಪಿಸಿಆರ್ ಮಾಡಿ ನೋಡಬೇಕು. ಹೋಲಿಸಿ ನೋಡಲು ಪಕ್ಕದಲ್ಲಿ ಜೇಡಿ ಇಲ್ಲದ ಡಿಎನ್‌ಎಗೂ ಅದೇ ಕಿಣ್ವ ಹಾಕಿರಬೇಕು.

ಬಿಡಿಸುವ ದಾರಿ ಸೇತುವೆಯನ್ನು ಅವಲಂಬಿಸಿದೆ. ಕ್ಯಾಲ್ಸಿಯಂ ಸೇತುವೆಯಾದರೆ ಕ್ಯಾಲ್ಸಿಯಂ ಕಿತ್ತುಕೊಳ್ಳುವ ಇಡಿಟಿಎ, ಜೊತೆಗೆ ಫಾಸ್ಫೇಟ್ ಸಾಕಾಗಬಹುದು. ಡಬಲ್ ಹೈಡ್ರಾಕ್ಸೈಡನ್ನು ತೆಳು ಆಮ್ಲ ಕರಗಿಸುತ್ತದೆ. ಆದರೆ ಆಮ್ಲದಲ್ಲಿ ಜಾಸ್ತಿ ಹೊತ್ತು ಇಟ್ಟರೆ ಡಿಎನ್‌ಎಯಿಂದ ಅದರ ಅಕ್ಷರಗಳಂತಿರುವ ಅಡೆನಿನ್, ಗ್ವಾನಿನ್ ಕಳಚುತ್ತವೆ, ಆ ಜಾಗದಲ್ಲಿ ಎಳೆ ತುಂಡಾಗುತ್ತದೆ. ಹಾಗಾಗಿ ಟ್ಯೂಬನ್ನು ಮಂಜುಗಡ್ಡೆಯ ಮೇಲಿಡಿ. ಹಾಳೆ ಕರಗಿದ ಕೂಡಲೇ ಬಫರ್ (ಪಿಎಚ್ ಅನ್ನು ಸ್ಥಿರವಾಗಿಡುವ ದ್ರಾವಣ) ಹಾಕಿ ಪಿಎಚ್ ಮೇಲೇರಿಸಿ.